ಕಿಟಕಿಯ ಕಂದೀಲು ಇಳಿಸಿದ ದಿನ

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದು ತುಳಸಿ ಲಗ್ನವೂ ಆಗಿಹೋದ ಮೇಲಿನ ಮಾತು. ಆಗ ನಾವು ಛತ್ರಪತಿ ಸಂಭಾಜಿನಗರದಲ್ಲಿ ಒಂದು ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಮನೆಯಲ್ಲಿ ನಾನು, ಎಂಟನೆಯ ಕ್ಲಾಸಿನಲ್ಲಿದ್ದ ಮಗಳು ಶ್ರಾವಣಿ, ಮತ್ತು ನಮ್ಮ ಅತ್ತಿ, ಅಂದರೆ ಯಜಮಾನರ ತಾಯಿ. ನಮ್ಮ ಯಜಮಾನರಿಗೆ ನಾಶಿಕದ ಬಳಿಯ ಸಿನ್ನರಿನ ಫ್ಯಾಕ್ಟರಿಗೆ ವರ್ಗವಾಗಿತ್ತು. ಅಲ್ಲೇ ಒಂದು ರೂಮು ಮಾಡಿಕೊಂಡು ಶನಿವಾರ ಸಂಜೆ ಬರುತ್ತಿದ್ದರು, ಸೋಮವಾರ ನಸುಕಿನಲ್ಲಿ ಎದ್ದು ಹೋಗುತ್ತಿದ್ದರು. ಮಗಳ ಶಾಲೆ ನಡುವೆಯೇ ಬಿಡಿಸುವುದು ಬೇಡವೆಂದು ನಾವು ಮೂವರು ಅಲ್ಲೇ ಉಳಿದಿದ್ದೆವು.

ನಮ್ಮದು ಮೂಲ ಕಲಬುರಗಿ ಜಿಲ್ಲೆ, ಜೇವರ್ಗಿ ಕಡೆಯ ಹಳ್ಳಿ. ಅತ್ತಿಯ ವಯಸ್ಸು ಎಂಬತ್ತರ ಹತ್ತಿರ. ಓದು ಬರಹ ಇಲ್ಲ. ಮರಾಠಿ ಬಾರದು, ಹಿಂದಿಯೂ ಬಾರದು. ಅವರಿಗೆ ಮರೆವು ಶುರುವಾಗಿ ಒಂದು ವರ್ಷವಾಗಿತ್ತು. ಹಳೆಯದೆಲ್ಲ ನೆನಪಿತ್ತು. ತವರಿನ ಎಮ್ಮೆಗಳ ಹೆಸರು, ಯಾರ ಮದುವೆಯಲ್ಲಿ ಯಾರು ಊಟ ಬಿಟ್ಟು ಎದ್ದುಹೋದರು ಎಂಬುದು, ಎಲ್ಲ ಹೇಳುತ್ತಿದ್ದರು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೆ ಮಾತ್ರ ನನ್ನ ಮುಖ ನೋಡುತ್ತಿದ್ದರು.

ಅವರಿಗಿದ್ದ ಒಂದೇ ಸುಖವೆಂದರೆ ಸಂಜೆ ಗುಡಿಗೆ ಹೋಗುವುದು. ನಮ್ಮ ಕಾಲೊನಿಯ ಹಿಂದಿನ ಗಲ್ಲಿಯಲ್ಲೇ ಮಹಾದೇವನ ಸಣ್ಣ ಗುಡಿ. ಅಲ್ಲಿ ನಾಲ್ಕಾರು ಮುದುಕಿಯರು ಕೂತು ಭಜನೆ ಹಾಡುತ್ತಿದ್ದರು. ಅವರದು ಮರಾಠಿ, ಇವರದು ಕನ್ನಡ. ಆದರೂ ಅತ್ತಿ ಚಪ್ಪಾಳೆ ತಟ್ಟಿಕೊಂಡು ಕೂತು, ಒಂದು ಹೂವು ಇಸಿದುಕೊಂಡು ಬರುತ್ತಿದ್ದರು. ಹೋಗುವುದು ಸರಿಯಾಗಿ ಹೋಗುತ್ತಿದ್ದರು, ತೊಂದರೆ ಇದ್ದದ್ದು ವಾಪಸು ಬರುವಾಗ. ನಮ್ಮ ಕಾಲೊನಿಯ ಬಿಲ್ಡಿಂಗುಗಳೆಲ್ಲ ಒಂದೇ ಅಚ್ಚು, ಒಂದೇ ಬಣ್ಣ, ಒಂದೇ ಥರದ ಕಿಟಕಿ. ಎರಡು ಮೂರು ಸಲ ಬೇರೆಯವರ ಬಾಗಿಲು ಬಡಿದು ನನ್ನ ಹೆಸರು ಹಿಡಿದು ಕೂಗಿದ್ದರು. ಫೋನ್ ನಂಬರ್ ಬರೆದ ಒಂದು ಕಾರ್ಡು ಅವರ ಕೊರಳಿಗೆ ಹಾಕಿ ನೋಡಿದೆ. "ನಾ ಏನು ಸಂತಿಗಿ ಹೊಡಕೊಂಡು ಹೊಂಟ ದನ ಏನವ್ವ?" ಎಂದು ಕಿತ್ತು ಬಿಸಾಕಿದರು.

ಆ ದೀಪಾವಳಿಗೆ ಶ್ರಾವಣಿ ಒಂದು ದೊಡ್ಡ ಕೆಂಪು ಆಕಾಶಕಂದೀಲು ತಂದು ರಸ್ತೆ ಕಡೆಯ ಕಿಟಕಿಯ ಗ್ರಿಲ್ಲಿಗೆ ಕಟ್ಟಿದಳು. ಚುಕ್ಕಿಯ ಆಕಾರದ್ದು. ನಮ್ಮದು ಮೂರನೆಯ ಮಹಡಿಯಾದರೂ ಹಗಲಲ್ಲೂ ದೂರದಿಂದ ಕಾಣುತ್ತಿತ್ತು. ಅವತ್ತು ಸಂಜೆ ಅತ್ತಿಯನ್ನು ಕರೆತರಲು ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರೇ ಬಾಗಿಲಲ್ಲಿ ನಿಂತಿದ್ದರು.

"ಒಬ್ಬರೇ ಬಂದ್ರಾ ಅತ್ತೀ?" ಎಂದೆ.

"ಮತ್ತ? ಕೆಂಪು ಚುಕ್ಕಿ ಕಂಡ್ತು, ಬಂದೆ. ನಮ್ಮ ಮನಿ ನನಗ ಗೊತ್ತಿಲ್ಲೇನು?" ಎಂದರು.

ಆಮೇಲೆ ಒಂದು ದಿನವೂ ದಾರಿ ತಪ್ಪಲಿಲ್ಲ. ಹಾಗಾಗಿ ಹಬ್ಬ ಮುಗಿದರೂ ನಾವು ಕಂದೀಲು ಇಳಿಸಲಿಲ್ಲ. ನಮ್ಮ ಮಟ್ಟಿಗೆ ಅದು ಹಬ್ಬದ ಸಾಮಾನಾಗಿ ಉಳಿದಿರಲಿಲ್ಲ.

ಆದರೆ ಸೊಸೈಟಿಗೆ ಅದೊಂದು ನಿಯಮಭಂಗವಾಗಿತ್ತು. ಆ ಮಳೆಗಾಲಕ್ಕೆ ಮೊದಲು ಎಲ್ಲ ಬಿಲ್ಡಿಂಗಿಗೂ ಹೊಸ ಬಣ್ಣ ಬಳಿಸಿದ್ದರು. ರಸ್ತೆ ಕಡೆಯ ಕಿಟಕಿಯಲ್ಲಿ ಬಟ್ಟೆ ಒಣಹಾಕಬಾರದು, ಬೋರ್ಡು, ಕುಂಡ, ಲೈಟು ಏನೂ ಹೊರಗೆ ಕಾಣಬಾರದು, ಹಬ್ಬದ ಅಲಂಕಾರ ಹಬ್ಬದ ಮರುದಿನ ತೆಗೆಯಬೇಕು ಎಂದು ನಿಯಮ ಮಾಡಿದ್ದರು. ಮೊದಲು ವಾಚ್‌ಮನ್ ಬಂದು ಹೇಳಿಹೋದ. ನಾನು ಹೂಂ ಎಂದು ಸುಮ್ಮನಾದೆ. ಎರಡು ದಿನ ಬಿಟ್ಟು ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಕಿಟಕಿಯ ಫೋಟೋ ಬಂತು. ಯಾರೋ ಅದರ ಸುತ್ತ ಕೆಂಪು ವೃತ್ತ ಎಳೆದಿದ್ದರು. ಪೇಪರಿನಲ್ಲಿ ಕಳ್ಳರ ಮುಖದ ಸುತ್ತ ಎಳೆದಿರುತ್ತಾರಲ್ಲ, ಹಾಗೆ. ಕೆಳಗೆ ಒಬ್ಬರು, "ಬಾಡಿಗೆಯವರಿಗೆ ನಿಯಮ ಇಲ್ಲವೇ?" ಎಂದು ಬರೆದಿದ್ದರು. ಹಾಗೆ ಬರೆದವರ ಸ್ವಂತ ಫ್ಲ್ಯಾಟಿನ ಬಾಲ್ಕನಿಯಲ್ಲಿ ಲೈಟಿನ ಸರ ಆಗಲೂ ಮಿನುಗುತ್ತಿತ್ತು. ನಾವು ಹೊರಗಿನ ಊರಿನವರು, ಬಾಡಿಗೆಯವರು, ಮನೆಯಲ್ಲಿ ಗಂಡಸರಿಲ್ಲ. ಜಗಳವಾದರೆ ನಮ್ಮ ಪರ ಯಾರು ಬರುತ್ತಾರೆ?

ಸೆಕ್ರೆಟರಿಯವರನ್ನು ಎಲ್ಲರೂ ನಾನಾ ಎಂದು ಕರೆಯುತ್ತಿದ್ದರು. ರಿಟೈರಾದವರು, ಶಿಸ್ತಿನ ಮನುಷ್ಯ. ನನ್ನನ್ನು ಮರಾಠಿಯಲ್ಲಿ ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದರು. ನಾನೇ ಅವರ ಮನೆಗೆ ಹೋಗಿ ನಮ್ಮ ಅತ್ತಿಯ ವಿಷಯ ಹೇಳಿದೆ. ನನ್ನ ಮರಾಠಿ ಹೆದರಿದಾಗ ಇನ್ನಷ್ಟು ಕೆಡುತ್ತದೆ. ಆದರೂ ಅವರು ಪೂರ್ತಿ ಕೇಳಿದರು.

"ವಹಿನಿ, ನನಗೆ ಅರ್ಥ ಆಗತ್ತೆ," ಎಂದರು. "ಆದರೆ ಹೋದ ವರ್ಷ ಆಚೆ ಬಿಲ್ಡಿಂಗಿನಲ್ಲಿ ಇಂಥದ್ದೇ ಕಂದೀಲಿನ ವೈರು ಸುಟ್ಟು ಪರದೆಗೆ ಬೆಂಕಿ ಹತ್ತಿತ್ತು. ಒಂದು ಮಗು ಸ್ವಲ್ಪದರಲ್ಲಿ ಉಳೀತು. ಇವತ್ತು ನಿಮಗೆ ಬಿಟ್ಟರೆ ನಾಳೆ ಟ್ಯೂಷನ್ ಬೋರ್ಡಿನವರು ಬರ್ತಾರೆ, ನಾಡಿದ್ದು ಬ್ಯೂಟಿ ಪಾರ್ಲರಿನವರು."

"ಲೈಟು ಹಚ್ಚೋದಿಲ್ಲ ನಾನಾ. ವೈರೇ ಕಿತ್ತು ಹಾಕ್ತೀನಿ. ಬರೀ ಕಾಗದದ ಚುಕ್ಕಿ ಇರಲಿ. ಗಾಜಿನ ಒಳಗೆ ಕಟ್ತೀನಿ."

"ಹೊರಗಿನಿಂದ ಕಾಣಬಾರದು ಅಂತ ನಿಯಮ."

"ಕಾಣಬೇಕು ಅಂತಾನೇ ಕಟ್ಟಿರೋದು ನಾನಾ."

ಕಮಿಟಿಯಲ್ಲಿ ಕೇಳಿ ಹೇಳುತ್ತೇನೆ ಎಂದರು. ಕಮಿಟಿ ಏನಂದಿತೋ ನನಗೆ ಯಾರೂ ಹೇಳಲಿಲ್ಲ. ಮಾರನೆಯ ದಿನ ಪುಣೆಯಿಂದ ಮನೆ ಮಾಲೀಕರ ಫೋನ್ ಬಂತು. ಅವರು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. "ನನಗೆ ಸೊಸೈಟಿ ಜೊತೆ ವಾದ ಬೇಡ. ನಾಳೆ ಒಳಗೆ ಅದು ಕಿಟಕಿಯಿಂದ ಹೋಗಬೇಕು. ಇಲ್ಲದಿದ್ದರೆ ಬೇರೆ ಮನೆ ನೋಡಿಕೊಳ್ಳಿ," ಎಂದು ತಣ್ಣಗೆ ಹೇಳಿ ಇಟ್ಟರು.

ಯಜಮಾನರಿಗೆ ಫೋನ್ ಮಾಡಿದೆ. "ತೆಗೆದುಬಿಡು ಮಹಾದೇವಿ," ಎಂದರು. "ಶ್ರಾವಣಿ ಪರೀಕ್ಷೆ ಆಗೋತನಕ ಜಗಳ ಬ್ಯಾಡ. ಅವ್ವನ್ನ ನೀನೇ ಗುಡಿಗೆ ಕರ್ಕೊಂಡು ಹೋಗಿ ಬಾ."

ಅದು ಬುಧವಾರ. ಮಗಳು ಶಾಲೆಗೆ ಹೋದ ಮೇಲೆ ಸ್ಟೂಲು ಹತ್ತಿ ಕಂದೀಲು ಬಿಚ್ಚಿ ಕಪಾಟಿನ ಹಿಂದೆ ಇಟ್ಟೆ. ಅತ್ತಿ ನೋಡುತ್ತಲೇ ಕೂತಿದ್ದರು. "ಇವತ್ತಿನಿಂದ ಇಬ್ಬರೂ ಕೂಡೇ ಗುಡಿಗಿ ಹೋಗೋಣ್ರಿ ಅತ್ತೀ, ಒಬ್ಬರೇ ಹೋಗಬ್ಯಾಡ್ರಿ," ಎಂದು ಎರಡೆರಡು ಸಲ ಹೇಳಿದೆ. "ಹೂಂ, ಆಯ್ತವ್ವ," ಎಂದರು.

ಕಿಟಕಿಯಲ್ಲಿ ಬಟ್ಟೆ ಹಾಕುವಂತಿಲ್ಲವಾದ್ದರಿಂದ ನಾವೆಲ್ಲ ಒಣಹಾಕುತ್ತಿದ್ದುದು ಟೆರೇಸಿನ ಮೇಲೆ. ನಾಲ್ಕು ಗಂಟೆಯ ಸುಮಾರಿಗೆ ಅತ್ತಿ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೋಡಿ, ಬಾಗಿಲು ಮುಂದೆ ಮಾಡಿಕೊಂಡು ಬಟ್ಟೆ ತರಲು ಮೇಲೆ ಹೋದೆ. ಟೆರೇಸಿನಲ್ಲಿ ಪಕ್ಕದ ಮನೆಯಾಕೆ ಸಿಕ್ಕರು. "ಕಂದೀಲು ತೆಗೆದ್ರಂತಲ್ಲ, ಒಳ್ಳೇದಾಯ್ತು ಬಿಡಿ, ಸುಮ್ಮನೆ ಯಾಕೆ ಬಾಯಿಗೆ ಬೀಳೋದು," ಎಂದರು. ಅವರೊಡನೆ ನಾಲ್ಕು ಮಾತಾಡಿ ಕೆಳಗೆ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಹಾಸಿಗೆ ಖಾಲಿ. ಬಾಗಿಲ ಬಳಿ ಅವರ ಚಪ್ಪಲಿ ಇರಲಿಲ್ಲ.

ಬಟ್ಟೆಯ ರಾಶಿಯನ್ನು ಅಲ್ಲೇ ನೆಲಕ್ಕೆ ಬಿಟ್ಟು ಓಡಿದೆ. ಗುಡಿಗೇ ಹೋಗಿರುತ್ತಾರೆ ಎಂದು ಹಿಂದಿನ ಗಲ್ಲಿಯಿಂದ ಹೋದೆ. ಭಜನೆಯ ಮುದುಕಿಯರು ಕೂತಿದ್ದರು. ಅತ್ತಿ ಇರಲಿಲ್ಲ. "ಬಂದಿದ್ದರು, ಇವತ್ತು ಕೂರಲಿಲ್ಲ. ಹೂವು ತಗೊಂಡು ಆಗಲೇ ಹೋದರು," ಎಂದಳು ಒಬ್ಬಾಕೆ. ಬಂದ ದಾರಿಯಲ್ಲೇ ತಿರುಗಿ ಓಡಿದೆ. ಮೆಟ್ಟಿಲು, ಪಾರ್ಕಿಂಗು, ಪಂಪಿನ ಕೋಣೆ, ಬೇರೆ ಬಿಲ್ಡಿಂಗುಗಳ ಒಂದೊಂದು ಮಹಡಿ. ಬಾಗಿಲು ಬಡಿದು ಬಡಿದು ಕೇಳಿದೆ. ಎಲ್ಲೂ ಇಲ್ಲ. ಚಳಿಗಾಲದ ಹೊತ್ತು, ಬಿಸಿಲು ಆಗಲೇ ಗೋಡೆಯ ಮೇಲಕ್ಕೆ ಏರುತ್ತಿತ್ತು. ಇನ್ನೊಂದು ಗಂಟೆಯಲ್ಲಿ ಕತ್ತಲು. ಕಾಲೊನಿ ದಾಟಿದರೆ ದೊಡ್ಡ ರಸ್ತೆ, ಒಂದರ ಹಿಂದೆ ಒಂದು ಲಾರಿ. ಅದರಾಚೆ ರೈಲು ಹಳಿ.

ವಾಚ್‌ಮನ್ ಹೋಗಿ ನಾನಾ ಅವರನ್ನು ಕರೆತಂದ. ಅವರು ಸೊಸೈಟಿ ಆಫೀಸಿನ ಬಾಗಿಲು ತೆಗೆದು ಗೇಟಿನ ಕ್ಯಾಮೆರಾದ ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿದರು. ನಾನು ಅವರ ಕುರ್ಚಿಯ ಹಿಂದೆ ನಿಂತಿದ್ದೆ.

ಅತ್ತಿ ಕಂಡರು. ಕೈಯಲ್ಲಿ ಹೂವು ಹಿಡಿದುಕೊಂಡು ಎಂದಿನಂತೆ ಮುಂದಿನ ಗೇಟಿನಿಂದ ಒಳಗೆ ಬಂದರು. ಅಂಗಳದ ನಡುವೆ ನಿಂತರು. ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ನಮ್ಮ ಬಿಲ್ಡಿಂಗಿನ ಕಡೆಗೇ ನೋಡಿದರು. ಆಮೇಲೆ ಮೆಲ್ಲಗೆ ತಿರುಗಿ ಪಕ್ಕದ್ದು ನೋಡಿದರು. ಅದರ ಆಚೆಯದು ನೋಡಿದರು. ಮತ್ತೆ ನಮ್ಮದು. ಹಿಂದಿನಿಂದ ಒಂದು ಕಾರು ಬಂತು, ಗಾಬರಿಯಾಗಿ ಸರಿದರು. ಕಟ್ಟೆಯ ಮೇಲೆ ಕೂತರು. ಎದ್ದರು. ಇನ್ನೊಮ್ಮೆ ತಲೆಯೆತ್ತಿ ಒಂದೊಂದೇ ಕಿಟಕಿ ಹುಡುಕಿದರು. ಆಮೇಲೆ ಸೆರಗು ಬಿಗಿಯಾಗಿ ಹೊದ್ದುಕೊಂಡು ಗೇಟಿನಿಂದ ಹೊರಗೆ ಹೋಗಿಬಿಟ್ಟರು.

ಅದೇ ಹೊತ್ತಿಗೆ ನಾನು ಹಿಂದಿನ ಗಲ್ಲಿಯಲ್ಲಿ ಗುಡಿಯ ಕಡೆಗೆ ಓಡುತ್ತಿದ್ದೆ. ಅವರು ನಮ್ಮ ಕಿಟಕಿಯ ಕೆಳಗೇ ನಿಂತಿದ್ದರು.

ನಾನಾ ಅವರ ಕೈ ಮೌಸಿನ ಮೇಲೆ ಹಾಗೇ ಇತ್ತು. ನಾನು ಅಳುತ್ತಿರಲಿಲ್ಲ, ಅಳು ಬರುತ್ತಲೇ ಇರಲಿಲ್ಲ. ಅವರು ತಿರುಗಿ ನನ್ನ ಮುಖ ನೋಡಲಿಲ್ಲ. "ವಹಿನಿ, ಗಾಡಿ ತೆಗೀತೀನಿ, ನಡೀರಿ," ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ಶ್ರಾವಣಿ ಶಾಲೆಯಿಂದ ಬಂದಳು. ವಿಷಯ ಕೇಳಿದವಳೇ ಮೇಲೆ ಓಡಿದಳು. ನಾನು ಗಾಡಿಯಲ್ಲಿ ಕೂರುವಾಗ ಮೇಲೆ ನೋಡಿದರೆ, ಗ್ರಿಲ್ಲಿನಿಂದ ಕೈ ಹೊರಗೆ ಚಾಚಿ ಕಂದೀಲು ಕಟ್ಟುತ್ತಿದ್ದಳು. ಅಜ್ಜಿ ಒಂದು ವೇಳೆ ವಾಪಸು ಬಂದರೆ ಎಂದು. ನಾನಾ ಅವರೂ ನೋಡಿದರು. ಹೆಂಡತಿಗೆ ಫೋನ್ ಮಾಡಿ, "ನೀನು ಮೇಲೆ ಹೋಗಿ ಆ ಹುಡುಗಿ ಜೊತೆ ಇರು. ಬಾಗಿಲು ತೆರೆದೇ ಇಡಿ," ಎಂದರು.

ರಸ್ತೆಯ ಎರಡೂ ಬದಿ ನೋಡುತ್ತಾ ಹೋದೆವು. ರಿಕ್ಷಾ ಸ್ಟ್ಯಾಂಡು, ತರಕಾರಿ ಗಾಡಿಗಳು, ಮೆಡಿಕಲ್ ಅಂಗಡಿ. ಮೊಬೈಲಿನ ಫೋಟೋ ತೋರಿಸಿ ತೋರಿಸಿ ಕೇಳಿದೆವು. ಎಲ್ಲರೂ ತಲೆ ಅಲ್ಲಾಡಿಸಿದರು. ಬಿಳಿ ತಲೆಯ ಪ್ರತಿಯೊಬ್ಬ ಹೆಂಗಸೂ ದೂರದಿಂದ ಅತ್ತಿಯೇ ಎನಿಸುತ್ತಿತ್ತು. ಹತ್ತಿರ ಹೋದರೆ ಬೇರೆ ಯಾರೋ. ರಸ್ತೆ ದೀಪ ಹತ್ತಿಕೊಂಡವು. ಸಿನ್ನರಿಗೆ ಫೋನ್ ಮಾಡಿದೆ. ಯಜಮಾನರು ಬೈಯಲಿಲ್ಲ. "ಹೊಂಟೆ," ಎಂದರು. ಆ ಒಂದೇ ಮಾತು.

ಪೊಲೀಸ್ ಠಾಣೆಯಲ್ಲಿ ಒಬ್ಬ ಹವಾಲ್ದಾರ ಫೋಟೋ ತೆಗೆದುಕೊಂಡು, ಸೀರೆಯ ಬಣ್ಣ ಕೇಳಿದರು. ಹಸಿರು ಎಂದೆ. ಅವರು ಎಲ್ಲೆಲ್ಲಿಗೋ ಫೋನ್ ಮಾಡಿದರು. ಒಂದು ಕಡೆ ಮಾತಾಡುವಾಗ ಅವರ ದನಿ ಇಳಿಯಿತು. ಫೋನ್ ಕೆಳಗಿಟ್ಟು ನನ್ನನ್ನು ಬಿಟ್ಟು ನಾನಾ ಅವರನ್ನು ನೋಡಿ ಹೇಳಿದರು: "ದೊಡ್ಡ ಚೌಕದಲ್ಲಿ ಒಬ್ಬ ಮುದುಕಿಗೆ ಗಾಡಿ ಹೊಡೆದಿದೆ. ಸರ್ಕಾರಿ ಆಸ್ಪತ್ರೆಗೆ ಹಾಕಿದ್ದಾರೆ. ಹೆಸರು ಗೊತ್ತಿಲ್ಲ. ಹಸಿರು ಸೀರೆಯಂತೆ. ಒಮ್ಮೆ ನೋಡಿಬಿಡಿ."

ಆಸ್ಪತ್ರೆಯ ತನಕದ ದಾರಿ ನನಗೆ ನೆನಪಿಲ್ಲ. ಬಾಗಿಲಲ್ಲಿ ಜನ, ಫಿನಾಯಿಲ್ ವಾಸನೆ, ನೆಲದ ಮೇಲೆ ಕೂತ ಹೆಂಗಸರು. ನರ್ಸ್ ಒಬ್ಬರು ಪರದೆ ಸರಿಸಿದರು. ತಲೆಗೆಲ್ಲ ಬ್ಯಾಂಡೇಜು ಸುತ್ತಿ ಒಬ್ಬರು ಮಲಗಿದ್ದರು. ಮುಖ ಊದಿ ಗುರುತೇ ಸಿಗುವಂತಿರಲಿಲ್ಲ. ಮಂಚದ ಅಂಚಿನಿಂದ ಹಸಿರು ಸೀರೆ ಜೋತುಬಿದ್ದಿತ್ತು. ನಾನಾ ನನ್ನ ಬೆನ್ನ ಹಿಂದೆ ನಿಂತು, "ಕೈ ನೋಡಿ ವಹಿನಿ, ಕೈ ನೋಡಿ," ಎಂದು ಮೆಲ್ಲಗೆ ಹೇಳಿದರು. ಅತ್ತಿಯ ಎರಡೂ ಮುಂಗೈ ತುಂಬ ಹಚ್ಚೆ ಇರುವುದನ್ನು ಅವರೂ ನೋಡಿದ್ದರು. ನಾನು ಆ ಕೈಯನ್ನು ಹಿಡಿದು ತಿರುಗಿಸಿದೆ. ಹಚ್ಚೆ ಇರಲಿಲ್ಲ. ಕೈ ಬೆಚ್ಚಗಿತ್ತು.

"ನಮ್ಮವರಲ್ಲ, ನಮ್ಮವರಲ್ಲ," ಎಂದು ಜೋರಾಗಿಯೇ ಅಂದುಬಿಟ್ಟೆ. ದೇವರೇ, ಉಳಿಸಿದೆ ಎಂದು ಮನಸ್ಸಿನಲ್ಲೇ ಕೈಮುಗಿದೆ. ಅಷ್ಟರಲ್ಲಿ ಆ ಮುದುಕಿಯ ಬೆರಳು ನನ್ನ ಬೆರಳನ್ನು ಸ್ವಲ್ಪ ಒತ್ತಿದ ಹಾಗಾಯಿತು. ಅವರಿಗಾಗಿ ಹೊರಗೆ ಯಾರೂ ಬಂದಿರಲಿಲ್ಲ. ನಾನು ಮೆಲ್ಲಗೆ ಕೈ ಬಿಡಿಸಿಕೊಂಡು ಹೊರಗೆ ಬಂದೆ. ಇದನ್ನು ಬರೆಯುವಾಗಲೂ ಆ ಒತ್ತು ಬೆರಳಿಗೆ ತಿಳಿಯುತ್ತದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದಾಗ ನನ್ನ ಫೋನ್ ರಿಂಗಾಯಿತು. ಊರಿನಿಂದ ಶಿವಪ್ಪ, ಯಜಮಾನರ ಚಿಕ್ಕಪ್ಪನ ಮಗ.

"ವೈನಿ, ದೊಡ್ಡವ್ವ ಎಲ್ಲ್ಯಾರ?" ಎಂದ.

ಅವನೇ ಮುಂದುವರಿಸಿದ. "ದೊಡ್ಡವ್ವ ಕನ್ನಡದಾಗ ಅದಾರಂತ."

"ಕನ್ನಡದಾಗ ಮಾತಾಡ್ಲಿಕತ್ತಾರಾ? ಯಾರ ಕೂಡ? ಎಲ್ಲಿ?"

"ಮಾತಾಡೋದಲ್ಲ ವೈನಿ, ಕನ್ನಡದಾಗೇ ಅದಾರಂತ. ಬಸ್ ಸ್ಟ್ಯಾಂಡಿನಾಗ."

"ಶಿವಪ್ಪಾ, ಸರಿಯಾಗಿ ಹೇಳೋ, ನನ್ನ ಜೀವ ಹೊಂಟದ!"

ಪಕ್ಕದಲ್ಲಿ ನಿಂತ ನಾನಾ ಅವರಿಗೆ ನಮ್ಮ ಮಾತಿನಲ್ಲಿ ತಿಳಿದದ್ದು ಅದೊಂದೇ ಶಬ್ದ. ಅವರೇ ಥಟ್ಟನೆ, "ಕನ್ನಡ? ಕನ್ನಡ ತಾಲೂಕಾ?" ಎಂದರು. ಆಗ ನನಗೆ ಹೊಳೆಯಿತು. ಸಂಭಾಜಿನಗರದಿಂದ ಒಂದೂವರೆ ಎರಡು ಗಂಟೆಯ ದಾರಿಯಲ್ಲಿ ಕನ್ನಡ ಎಂಬ ಹೆಸರಿನ ಒಂದು ತಾಲೂಕು ಊರಿದೆ. ಹೆಸರಷ್ಟೇ ಕನ್ನಡ, ಅಲ್ಲಿಯವರೆಲ್ಲ ಮರಾಠಿ ಮಾತಿನವರು. ದಿನವೂ ಅಲ್ಲಿಗೆ ಎಷ್ಟೋ ಬಸ್ಸು ಹೋಗುತ್ತವೆ.

ನಡೆದದ್ದನ್ನು ಆಮೇಲೆ ತುಂಡು ತುಂಡಾಗಿ ಜೋಡಿಸಿಕೊಂಡೆವು. ಗೇಟಿನಿಂದ ಹೊರಬಿದ್ದ ಅತ್ತಿ ದೊಡ್ಡ ರಸ್ತೆಯ ಅಂಚಿನಲ್ಲಿ ನಿಂತು ಅಳುತ್ತಿದ್ದರು. ಒಬ್ಬ ರಿಕ್ಷಾದವನು ನಿಲ್ಲಿಸಿ ಏನೋ ಕೇಳಿದ. ಅತ್ತಿ, "ನನಗ ನಿನ್ನ ಮಾತು ತಿಳೀವಲ್ದಪ್ಪಾ, ನನಗ ಕನ್ನಡ ಅಷ್ಟೇ ಬರ್ತದ, ಕನ್ನಡ, ಕನ್ನಡ," ಎಂದರು. ಅಜ್ಜಿ ಕನ್ನಡಕ್ಕೆ ಹೋಗಬೇಕು ಎಂದು ಅವನು ತಿಳಿದ. ಪುಣ್ಯಾತ್ಮ, ಒಂದು ಪೈಸೆ ಇಸಿದುಕೊಳ್ಳದೆ ಕೂಡಿಸಿಕೊಂಡು ಹೋಗಿ ಸೆಂಟ್ರಲ್ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸಿನ ಬಳಿ ಬಿಟ್ಟ. ಅಲ್ಲಿ ಕಂಡಕ್ಟರು "ಕನ್ನಡ! ಕನ್ನಡ! ಕನ್ನಡ!" ಎಂದು ಕೂಗುತ್ತಿದ್ದ. ಇಷ್ಟು ವರ್ಷದಲ್ಲಿ ಆ ಊರಿನಲ್ಲಿ ಹೊರಗಿನವರ ಬಾಯಿಂದ ಅತ್ತಿಗೆ ತಿಳಿಯುವ ಒಂದು ಮಾತು ಕೇಳಿಸಿದ್ದು ಅದೇ ಮೊದಲಿರಬೇಕು. ಹತ್ತಿ ಕೂತರು. ಅಷ್ಟು ವಯಸ್ಸಾದವರಿಗೆ ಅಲ್ಲಿಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ವಯಸ್ಸಿನ ಗುರುತಿಗೆ ಕಾರ್ಡು ಕೇಳಬೇಕಿದ್ದ ಕಂಡಕ್ಟರೂ ಆ ಮುಖ ನೋಡಿ ಸುಮ್ಮನಾಗಿರಬೇಕು.

ಶಿವಪ್ಪ ಒಂದು ನಂಬರ್ ಕೊಟ್ಟ. ಮಾಡಿದೆ. ಆ ಕಡೆಯಿಂದ ಒಬ್ಬ ಹೆಂಗಸಿನ ದನಿ, ಅಪ್ಪಟ ನಮ್ಮ ಕಡೆಯ ಮಾತು.

"ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಅಜ್ಜಿ ನನ್ನ ಬಾಜೂಕೇ ಕುಂತಾರ. ನಾ ಯಲ್ಲವ್ವ ಅಂತ, ಯಾದಗಿರಿ ಕಡಿಯಾಕಿ. ಇಲ್ಲಿ ಮಂಗಲ ಕಾರ್ಯಾಲಯ ಕಟ್ಟಲಿಕತ್ತಾರಲ್ಲ, ಅಲ್ಲಿ ನಾವು ಗಂಡ ಹೆಂಡತಿ ಗಾರಿ ಕೆಲಸಕ್ಕ ಬಂದೀವಿ. ಸ್ಟ್ಯಾಂಡ್ ಬಾಜೂಕ ಕಾಯಿಪಲ್ಯ ತರಲಿಕ್ಕ ಹೋದ್ರ, ಅಜ್ಜಿ ಕಂಬಕ್ಕ ಆತು ಕುಂತು, 'ಕನ್ನಡ ಅಂತ ಕರ್ಕೊಂಡು ಬಂದ್ರು, ಇಲ್ಲಿ ಒಬ್ಬರಿಗೂ ಕನ್ನಡ ಬರವಲ್ದು' ಅಂತ ಅಳ್ಲಿಕತ್ತಿದ್ರು. ನನಗ ಕರುಳು ಕಿವುಚಿದಂಗ ಆಯ್ತು ನೋಡ್ರಿ."

ಅತ್ತಿಗೆ ನಮ್ಮ ಮನೆಯ ವಿಳಾಸ ಗೊತ್ತಿರಲಿಲ್ಲ, ಮಗನ ಊರಿನ ಹೆಸರೂ ಬಾಯಿಗೆ ಬರಲಿಲ್ಲ. ಆದರೆ ಹಳ್ಳಿಯ ಹೆಸರು ಹೇಳಿದ್ದರು. ಯಲ್ಲವ್ವನ ಅಕ್ಕನನ್ನು ಕೊಟ್ಟದ್ದು ಅದರ ಪಕ್ಕದ ಹಳ್ಳಿಗೆ. ಯಲ್ಲವ್ವ ಅಕ್ಕನಿಗೆ ಫೋನ್ ಮಾಡಿದಳು, ಆ ಅಕ್ಕನ ಮೈದುನ ಮೋಟರ್ ಸೈಕಲ್ ಹತ್ತಿ ನಮ್ಮ ಹಳ್ಳಿಗೆ ಹೋಗಿ ವಿಚಾರಿಸಿದ, ಅಲ್ಲಿ ಶಿವಪ್ಪ ಸಿಕ್ಕ.

ನಾನಾ ಕೂಡಲೇ ಗಾಡಿಯನ್ನು ಕನ್ನಡದ ದಾರಿಗೆ ತಿರುಗಿಸಿದರು. ದಾರಿಯುದ್ದಕ್ಕೂ ನನಗೆ ಹೆದರಿಕೆಯೇ. ಅತ್ತಿ ಅಲ್ಲಿಂದಲೂ ಎದ್ದು ಹೋಗಿಬಿಟ್ಟರೆ? ಹತ್ತು ಹತ್ತು ನಿಮಿಷಕ್ಕೆ ಯಲ್ಲವ್ವನಿಗೆ ಫೋನ್ ಮಾಡುತ್ತಿದ್ದೆ. "ಅದಾರ್ರಿ ಅಕ್ಕಾರ, ಇಲ್ಲೇ ಅದಾರ. ನಾ ಅವರ ಸೆರಗು ಹಿಡಕೊಂಡೇ ಕುಂತೀನಿ," ಎನ್ನುತ್ತಿದ್ದಳು. ಅರ್ಧ ದಾರಿ ದಾಟಿದ ಮೇಲೆ ನಾನಾ ಮೊದಲ ಸಲ ಬಾಯಿ ಬಿಟ್ಟರು. "ನನ್ನ ತಾಯಿ ಇದ್ದಿದ್ದರೆ ಇದೇ ವಯಸ್ಸು," ಎಂದರು. ಆಮೇಲೆ ಮತ್ತೆ ರಸ್ತೆ ನೋಡತೊಡಗಿದರು.

ಕಟ್ಟುತ್ತಿದ್ದ ಕಟ್ಟಡದ ಹಿಂದೆ ತಗಡಿನ ಜೋಪಡಿಗಳು. ಒಂದರ ಮುಂದೆ ಒಲೆ ಉರಿಯುತ್ತಿತ್ತು. ಅತ್ತಿ ಕೌದಿ ಹೊದ್ದು ಒಲೆಯ ಮುಂದೆ ಕೂತು ಜೋಳದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಉಣ್ಣುತ್ತಿದ್ದರು. ಯಲ್ಲವ್ವ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದಳು. ನಾನು ಓಡಿಹೋಗಿ ಅತ್ತಿಯ ಮುಂದೆ ಕುಸಿದು ಕೂತೆ. ಅವರು ನನ್ನನ್ನು ನೋಡಿದರು. ಸಿಟ್ಟಿಲ್ಲ, ಅಳುವಿಲ್ಲ. ಹೊಸಬರ ಮುಖ ನೋಡುವ ಹಾಗೆ ನೋಡಿದರು.

"ಬಾರವ್ವ, ನೀನೂ ಉಣ್ಣ ಬಾ. ಯಾರ ಪೈಕಿ ನೀನು?" ಎಂದರು.

ಅವರು ಕಳೆದುಹೋದಾಗ ಆಗದಷ್ಟು ಹೆದರಿಕೆ ನನಗೆ ಆಗ ಆಯಿತು. ಹದಿನಾರು ವರ್ಷ ಒಂದೇ ಒಲೆಯಲ್ಲಿ ಅಡಿಗೆ ಮಾಡಿ ಉಂಡವರು. ನನ್ನ ಬಾಣಂತನ ಮಾಡಿದವರು. "ಅತ್ತೀ, ನಾನ್ರೀ, ಮಹಾದೇವಿ. ನಿಮ್ಮ ಮಹಾದೇವಿ," ಎಂದು ಅವರ ಕೈ ಹಿಡಿದು ಅಲ್ಲಾಡಿಸಿದೆ. ಯಲ್ಲವ್ವ ರೊಟ್ಟಿ ಬಿಟ್ಟು ನಮ್ಮಿಬ್ಬರ ಮುಖ ನೋಡುತ್ತಿದ್ದಳು.

"ಅಜ್ಜಿ, ನಿನ್ನ ಸೊಸಿ ಬಂದಾಳ ನೋಡು. ಎಷ್ಟು ಹೆದರ್ಯಾಳ ನೋಡು," ಎಂದಳು.

ಅತ್ತಿ ಎಂಜಲಾಗದ ಕೈಯಿಂದ ನನ್ನ ಗಲ್ಲ ಮುಟ್ಟಿದರು. ತುಸು ಹೊತ್ತು ಹಾಗೇ ಮುಟ್ಟಿಕೊಂಡೇ ಇದ್ದರು. "ಮಹಾದೇವೀ, ಎಲ್ಲಿ ಹೋಗಿದ್ದೆವ್ವ ನನ್ನ ಬಿಟ್ಟು? ಎಷ್ಟು ಹುಡುಕಿದೆ ನಿನ್ನ," ಎಂದರು. ಆಗ ನನ್ನ ಅಳು ಕಟ್ಟೆಯೊಡೆದು ಬಂತು.

ಯಲ್ಲವ್ವನಿಗೆ ಏನಾದರೂ ಕೊಡಬೇಕೆಂದು ನಾನು ಪರ್ಸು ತೆಗೆದರೆ ಆಕೆ ಹಿಂದಕ್ಕೆ ಸರಿದಳು. "ಏನ್ರಿ ಅಕ್ಕಾರ, ನಮ್ಮ ಮಾತು ಆಡೋರು ಒಬ್ಬರು ಮನಿಗಿ ಬಂದ್ರು ಅಂತ ನಾ ಖುಷಿ ಆಗೀನಿ. ಅಜ್ಜಿ ನನಗ ಎರಡು ಹಾಡು ಹೇಳಿಕೊಟ್ಟಾರ," ಎಂದಳು. ನಾನಾ ಅವರಿಗೆ ಒಂದಕ್ಷರ ತಿಳಿಯದಿದ್ದರೂ ಆಕೆ ಕೊಟ್ಟ ರೊಟ್ಟಿಯನ್ನು ನಿಂತುಕೊಂಡೇ ತಿಂದರು. ಗಾಡಿಯಲ್ಲಿ ಅತ್ತಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದರು. ನಾವು ಮನೆ ಮುಟ್ಟುವ ಹೊತ್ತಿಗೆ ಯಜಮಾನರೂ ಬಂದು ಗೇಟಿನಲ್ಲಿ ನಿಂತಿದ್ದರು.

ಮಾರನೆಯ ದಿನ ಯಜಮಾನರನ್ನು ಕರೆದುಕೊಂಡು ಆ ಸರ್ಕಾರಿ ಆಸ್ಪತ್ರೆಗೆ ಹೋದೆ. ಹಸಿರು ಸೀರೆಯ ಮುದುಕಿಯ ಮಂಚದಲ್ಲಿ ಬೇರೆ ಯಾರೋ ಇದ್ದರು. ಬೆಳಿಗ್ಗೆ ಮಗಳು ಬಂದು ಬೇರೆ ಆಸ್ಪತ್ರೆಗೆ ಕರೆದೊಯ್ದಳು ಎಂದು ನರ್ಸ್ ಹೇಳಿದರು. ನಿಜವಾಗಲಿ ಎಂದು ಬೇಡಿಕೊಂಡು ಬಂದೆ.

ಸೊಸೈಟಿಯ ಮೀಟಿಂಗಿನಲ್ಲಿ ನಾನಾ ಅವರೇ ಎದ್ದುನಿಂತು ನಮ್ಮ ಕಿಟಕಿಗೆ ವಿನಾಯಿತಿ ಕೇಳಿದರಂತೆ. ಕೆಲವರು ಒಪ್ಪಿದರು, ಕೆಲವರು ನಿಯಮ ಅಂದರೆ ನಿಯಮ ಎಂದರು. ಕೊನೆಗೆ ನಮ್ಮ ಕರಾರು ಮುಗಿಯುವ ತನಕ ದೀಪವಿಲ್ಲದ ಕಂದೀಲು ಇರಲಿ ಎಂದಾಯಿತು. ಕರಾರು ಮುಗಿದ ಮೇಲೆ ಮಾಲೀಕರು ಮುಂದುವರಿಸಲಿಲ್ಲ. ಮಾಲೀಕರ ಮೇಲಾಗಲಿ ಸೊಸೈಟಿಯವರ ಮೇಲಾಗಲಿ ನನಗೆ ಸಿಟ್ಟಿಲ್ಲ. ಬೆಂಕಿಯ ಹೆದರಿಕೆ ಅವರದು, ನಮ್ಮ ಹೆದರಿಕೆ ನಮ್ಮದು. ನಮ್ಮ ಮಾತನ್ನು ಮೊದಲೇ ಯಾರಾದರೂ ಇನ್ನೊಂದು ಸಲ ಕೂತು ಕೇಳಿದ್ದರೆ ಎಂದು ಮಾತ್ರ ಅನಿಸುತ್ತದೆ. ಶ್ರಾವಣಿಯ ಪರೀಕ್ಷೆ ಮುಗಿಸಿಕೊಂಡು ನಾವು ನಾಶಿಕಕ್ಕೆ ಬಂದೆವು. ಈಗ ನೆಲಮಹಡಿಯ ಮನೆ. ಯಜಮಾನರು ದಿನವೂ ಸಿನ್ನರಿಗೆ ಹೋಗಿ ಬಂದು ಮಾಡುತ್ತಾರೆ. ಯಲ್ಲವ್ವ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ. ಯಾವ ಊರಿನ ಕೆಲಸದಲ್ಲಿದ್ದರೂ ಮೊದಲು ಕೇಳುವುದು, "ಅಜ್ಜಿ ಉಂಡರಾ?"

ಅತ್ತಿಗೆ ಆ ದಿನದ್ದು ಏನೂ ನೆನಪಿಲ್ಲ. ಹುಡುಕಿದ್ದು, ಅತ್ತದ್ದು, ಬಸ್ಸು, ಎಲ್ಲ ಅಳಿಸಿಹೋಗಿದೆ. ಅವರು ಮರೆತದ್ದೆಲ್ಲ ನನ್ನಲ್ಲಿ ಉಳಿದಿದೆ. ಮಧ್ಯಾಹ್ನ ಮನೆ ಸುಮ್ಮನಾದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಡುತ್ತೇನೆ. ಕೆಲಸವಿರಲಿ ಇಲ್ಲದಿರಲಿ, ಅಡಿಗೆಮನೆಯಿಂದಲೇ "ಅತ್ತೀ" ಎಂದು ಕೂಗುತ್ತೇನೆ. ಒಳಗಿನಿಂದ "ಏನವ್ವ?" ಎಂದು ಬರುವ ತನಕ ಕೈ ಕೆಲಸದ ಮೇಲೆ ಹೋಗುವುದಿಲ್ಲ. "ಏನಿಲ್ರಿ, ಸುಮ್ಮನ ಕರೆದೆ," ಎನ್ನುತ್ತೇನೆ.